ಉಗಾದಿ ಪಾಡ್ಯ: ಬೇವು, ಹೋಳಿಗೆ, ಕಟ್ಟಿನ ಸಾರು. ಹಿಂದಿನ ದಿನ ಏನು ಮಾಡಿಡಬಹುದು?

ಕೋಟೆಬೀದಿ (ಬಳ್ಳಾರಿ) ಕೇಳಿದ್ದು:

ಬರುವ ಉಗಾದಿ ಪಾಡ್ಯ 2027ರ ಏಪ್ರಿಲ್ 7, ಬುಧವಾರ. ಊಟಕ್ಕೆ ಹನ್ನೆರಡು ಮಂದಿ, ಒಲೆ ಮುಂದೆ ನಿಲ್ಲೋರು ಇಬ್ಬರೇ. ಗಡಿಗೆಯಲ್ಲಿ ಕಲಸೋ ಕುಡಿಯೋ ಬೇವು, ಕಡ್ಲೆಬೇಳೆ ಹೋಳಿಗೆ, ಕಟ್ಟಿನ ಸಾರು ಆಗಬೇಕು. ಅನ್ನ, ಕೋಸಂಬರಿ, ಹಪ್ಪಳ, ಸಂಡಿಗೆ ಗೊತ್ತಿದೆ, ಅವನ್ನು ಬಿಡಿ.

ಹಿಂದಿನ ದಿನವೇ ಯಾವುದನ್ನು ಮಾಡಿಟ್ಟರೆ ಈ ಬಿಸಿಲಿಗೆ ಕೆಡೋದಿಲ್ಲ? ಬೇವು ಗಟ್ಟಿಯಾಗದಂತೆ, ಮಕ್ಕಳು ಉಗುಳದಂತೆ ಅಳತೆ ಹೇಳಿ. ಹೋಳಿಗೆ ಹರಿಯೋದು ಕಣಕದ ತಪ್ಪೋ ಹೂರಣದ ತಪ್ಪೋ? ಮನೆಗೆ ಬರೋದು ಬೋರ್ ನೀರು, ಬೇಳೆ ಬೇಗ ಬೇಯಲ್ಲ, ಅದನ್ನೂ ಗಮನದಲ್ಲಿಟ್ಟು ಹೇಳಿ.

ಎಡದೊರೆ (ರಾಯಚೂರು):

ಬೇವಿಂದು ನಾ ಹೇಳ್ತೀನ್ರಿ, ಹೋಳಿಗಿದು ಬೇರೆಯವರು ಹೇಳ್ಲಿ.

ಹನ್ನೆರಡು ಮಂದಿಗೆ 2 ಲೀಟರ್ ಸಾಕು. ಹುಣಸೆಹಣ್ಣು 60 ಗ್ರಾಂ, ಬೆಲ್ಲ 350 ಗ್ರಾಂ, ಪುಟಾಣಿ ಹಿಟ್ಟು 100 ಗ್ರಾಂ, ಹುಳಿ ಮಾವಿನಕಾಯಿ ಒಂದು, ಒಣಕೊಬ್ಬರಿ ತುರಿ ಅರ್ಧ ಬಟ್ಟಲು, ಉತ್ತತ್ತಿ ಆರೇಳು, ಹುರಿದ ಗಸಗಸಿ ಒಂದು ಚಮಚ, ಯಾಲಕ್ಕಿ, ಚಿಟಿಕಿ ಉಪ್ಪು. ಒಣದ್ರಾಕ್ಷಿ, ಗೋಡಂಬಿ ನಿಮ್ಮ ಕೈಲಾದಷ್ಟು. ಬಿಡಿಸಿದ ಬೇವಿನ ಹೂವು ಎರಡು ದೊಡ್ಡ ಚಮಚ, ಅದಕ್ಕಿಂತ ಜಾಸ್ತಿ ಬ್ಯಾಡ.

ಅಮಾಸಿ ರಾತ್ರಿ ಹುಣಸೆಹಣ್ಣು ಅರ್ಧ ಲೀಟರ್ ನೀರಿಗೆ ಹಾಕಿಡ್ರಿ. ಬೆಲ್ಲ ಬ್ಯಾರೆ ನೀರಿನಾಗ ಕರಗಿಸಿ ಬಟ್ಟಿಲೆ ಸೋಸಲೇಬೇಕು. ಇಲ್ಲಾಂದ್ರ ತಳದಾಗಿನ ಮಣ್ಣು ಕೊನೀ ಲೋಟದವರ ಹಲ್ಲಿಗೆ ಸಿಗ್ತದ. ಹೊಸ ಗಡಿಗಿ ತಂದಿದ್ರ ಅದನ್ನೂ ರಾತ್ರಿಯಿಡೀ ನೀರು ತುಂಬಿಸಿಟ್ಟು ಬೆಳಿಗ್ಗಿ ಚೆಲ್ರಿ. ಒಣ ಗಡಿಗಿ ಬೇವಿನ ನೀರನ್ನ ತಾನೇ ಹೀರ್ತದ, ಮಣ್ಣಿನ ವಾಸನಿನೂ ಬಿಡ್ತದ. ಕಲಾಯಿ ಇಲ್ಲದ ಹಿತ್ತಾಳಿ, ತಾಮ್ರದ ಪಾತ್ರಿ ಮುಟ್ಟಬ್ಯಾಡ್ರಿ, ಹುಳಿ ತಾಗಿ ಕಿಲುಬು ಬಿಡ್ತದ.

ಗಟ್ಟಿ ಆಗೋದು ಪುಟಾಣಿ ಹಿಟ್ಟಿನಿಂದ. ಕಲಸಿದಾಗ ತೆಳ್ಳಗ ಕಾಣ್ತದ, ಅರ್ಧ ತಾಸಿನಾಗ ನೀರು ಹೀರಿ ಅಂಬಲಿ ಆಗ್ತದ. ಅದಕ್ಕ ಹಿಟ್ಟನ್ನ ಮೊದಲು ಒಂದು ಬಟ್ಟಲು ನೀರಿನಾಗ ಗಂಟಿಲ್ಲದಂಗ ಕಲಸಿಟ್ಟುಕೊಂಡು, ಪೂಜಿ ಮುಗಿಯೋ ಹೊತ್ತಿಗೆ ಗಡಿಗಿಗೆ ಹಾಕ್ರಿ. ಒಂದು ಲೋಟ ನೀರು ಕೈಯಾಗ ಉಳಿಸಿಕೊಂಡಿರ್ರಿ, ಬಡಿಸುವಾಗ ಬೇಕಾಗ್ತದ.

ಕಹಿ ಹೂವಿನ ಎಸಳಿಗಿಂತ ಅದರ ತೊಟ್ಟಿನಾಗ ಜಾಸ್ತಿ. ಗೊಂಚಲು ಬೆಳಿಗ್ಗಿ ಕಿತ್ತು ಬಿಳೀ ಬಟ್ಟಿ ಮ್ಯಾಲೆ ಹರವ್ರಿ. ಸ್ವಲ್ಪ ಬಾಡಿದ ಮ್ಯಾಲೆ ಅಂಗೈಯಾಗ ಮೆಲ್ಲಗ ತಿಕ್ಕಿ ಮೊರದಾಗ ಕೇರಿದ್ರ ತೊಟ್ಟು, ಕಡ್ಡಿ ಬ್ಯಾರೆ ಆಗ್ತಾವ. ನೆನೆದಷ್ಟೂ ಕಹಿ ಬಿಡೋದರಿಂದ ಹೂವು ಕುಡಿಯೋಕ್ಕ ಹತ್ತು ನಿಮಿಷ ಮೊದಲು ಹಾಕ್ರಿ. ಲಾರಿ ಓಡಾಡೋ ರಸ್ತಿ ಮಗ್ಗುಲ ಮರದ್ದು ಬ್ಯಾಡ. ಅದಿರಿನ ಕೆಂಪು ಧೂಳು ಹೂವಿನಾಗ ಕುಂತರ ತೊಳೆದ್ರೂ ಹೋಗಲ್ಲ. ಹಸುಗೂಸಿಗೆ ಕುಡಿಸಬ್ಯಾಡ್ರಿ, ಬಸುರಿ ಹೆಣ್ಣುಮಕ್ಕಳಿಗೆ ಶಾಸ್ತ್ರಕ್ಕ ಎರಡು ಎಸಳು ಸಾಕು.

ಗವಿಮಠದ ಓಣಿ (ಕೊಪ್ಪಳ):

ಹೋಳಿಗಿ ಲೆಕ್ಕ ಇಪ್ಪತ್ನಾಲ್ಕಕ್ಕ: ಕಡ್ಲಿಬ್ಯಾಳಿ 500 ಗ್ರಾಂ, ಬೆಲ್ಲ 500 ಗ್ರಾಂ, ಕಣಕಕ್ಕ ಗೋಧಿ ಹಿಟ್ಟು, ಮೈದಾ ಅರ್ಧರ್ಧ ಸೇರಿ 400 ಗ್ರಾಂ.

ಬೋರ್ ನೀರಿನಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರತೈತಿ, ಅವೇ ಬ್ಯಾಳಿ ಮೆತ್ತಗಾಗದಂಗ ಮಾಡೋದು. ನೆನೆಸೋಕ, ಬೇಯಿಸೋಕ ಎರಡಕ್ಕೂ ಫಿಲ್ಟರ್ ನೀರು ತಗೋರಿ. ಅಡಿಗಿ ಸೋಡಾ ಹಾಕಬ್ಯಾಡ್ರಿ, ಬ್ಯಾಳಿ ಲೋಳಿ ಆಗಿ ಕಟ್ಟಿನ ರುಚಿನೂ ಹೋಗತೈತಿ. ಒಂದು ತಾಸು ನೆನೆಸಿ, ಎರಡೂವರೆ ಲೀಟರ್ ನೀರಿನಾಗ ತೆರೆದ ಪಾತ್ರಿಯೊಳಗ ಬೇಯಿಸ್ರಿ. ಕುಕ್ಕರ್‌ನಾಗ ಬೆಂದದ್ದು ಒಡದದ್ದು ಕಣ್ಣಿಗೆ ಕಾಣಂಗಿಲ್ಲ. ಎರಡು ಬೆರಳಿನಾಗ ಒತ್ತಿದರ ಬ್ಯಾಳಿ ಚಪ್ಪಟಿ ಆಗಬೇಕು, ಕರಗಬಾರದು. ಬೇಯೋಕ್ಕ ಮೊದಲ ಬೆಲ್ಲ ಬಿತ್ತಂದ್ರ ಆ ಬ್ಯಾಳಿ ಮತ್ತ ಬೇಯಂಗಿಲ್ಲ.

ಕಟ್ಟು ಬಸಿದ ಮ್ಯಾಲೆ ಜರಡಿಯಾಗ ಹದಿನೈದು ನಿಮಿಷ ಬಿಡ್ರಿ. ಅವಸರ ಮಾಡಿದ್ರ ಅಲ್ಲೇ ಹೂರಣ ನೀರಾಗೋದು. ಬೆಲ್ಲ ಕೂಡಿಸಿ ಚಮಚ ನೆಟ್ಟಗ ನಿಲ್ಲೋತನಕ ಕಾಯಿಸಿ, ಯಾಲಕ್ಕಿ, ಜಾಜಿಕಾಯಿ ಹಾಕಿ, ಬಿಸಿ ಇದ್ದಾಗಲೇ ರುಬ್ರಿ. ಆರಿದ ಮ್ಯಾಲೆ ನುಣ್ಣಗಾಗಂಗಿಲ್ಲ. ಸಡಿಲ ಆಗಿದ್ರ ಮತ್ತ ಸಣ್ಣ ಉರಿ ಮ್ಯಾಲೆ ಇಟ್ಟು ತಿರುವ್ರಿ. ಪುಟಾಣಿ ಹಿಟ್ಟು ಬೆರೆಸಿದ್ರೂ ಗಟ್ಟಿ ಆಕ್ಕೈತಿ, ಆದ್ರ ತಿನ್ನುವಾಗ ಗೊತ್ತಾಗತೈತಿ.

ಹರಿಯೋದಕ್ಕ ಕಣಕ ಒಂದೇ, ಹೂರಣ ಒಂದೇ ಕಾರಣ ಅಲ್ರಿ. ಎರಡರ ಮೆತುವು ಒಂದೇ ಇರಬೇಕು. ಕಣಕ ಬಿಗಿ, ಹೂರಣ ಮೆತ್ತಗಿದ್ರ ಅಂಚಿನಾಗ ಒಡೀತೈತಿ. ಹೂರಣ ಒಣಗಿ ಬ್ಯಾಳಿ ಚೂರು ಉಳದಿದ್ರ ನಡುವ ತೂತು ಬೀಳತೈತಿ. ಕಣಕ ಚಪಾತಿ ಹಿಟ್ಟಿಗಿಂತ ಮೆತ್ತಗ ನಾದಿ, ನಾಲ್ಕು ಚಮಚ ಎಣ್ಣಿ ಕುಡಿಸಿ, ಎರಡು ತಾಸು ಮುಚ್ಚಿಡ್ರಿ. ಎಳೆದರ ಹಿಗ್ಗಬೇಕು. ಉಂಡಿ ಕಟ್ಟುವಾಗ ಹೂರಣ ಕಣಕದ ಎರಡರಷ್ಟು. ತವಾ ನಡು ಉರಿಯಾಗಿರಲಿ, ತಣ್ಣಗಿದ್ರ ಹೋಳಿಗಿ ರೊಟ್ಟಿಯಂಗ ಬಿರುಸು ಆಕ್ಕೈತಿ.

ಸಾರಿಗೆ ಆ ಕಟ್ಟು, ಎರಡು ಚಮಚ ಹೂರಣ, ಲಿಂಬಿಗಾತ್ರದ ಹುಣಸೆಹಣ್ಣು, ಸುಟ್ಟ ಒಣಕೊಬ್ಬರಿ, ಚೆಕ್ಕಿ, ಲವಂಗ ರುಬ್ಬಿದ್ದು, ಖಾರದ ಪುಡಿ. ಹಬ್ಬದ ಎಡಿಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಬ್ಯಾಡ ಅನ್ನೋ ಮನಿ ಇದ್ರ ಒಗ್ಗರಣಿಗೆ ಇಂಗು. ಒಮ್ಮೆ ಕುದ್ದ ಮ್ಯಾಲೆ ಕರಿಬೇವಿನ ಒಗ್ಗರಣಿ ಹಾಕಿ ಇಳಿಸ್ರಿ. ಹೆಚ್ಚು ಕುದಿಸಿದ್ರ ತಳ ಹಿಡೀತೈತಿ, ಬ್ಯಾಳಿ ಹಿಟ್ಟು ಕೆಳಗ ಕೂಡತೈತಿ.

ಬಿಸಿಲೂರು (ಬಳ್ಳಾರಿ):

ಕೊಪ್ಪಳದವರ ಬೆಲ್ಲ ನನ್ನ ಬಾಯಿಗೆ ಜಾಸ್ತಿ, 400 ಗ್ರಾಂ ಸಾಕು. ಉಳಿದದ್ದು ಒಪ್ಪಿದೆ.

ಹಿಂದಿನ ದಿನದ ವಿಷಯ: ಹೂರಣವನ್ನು ಮಂಗಳವಾರ ಸಂಜೆ ಮಾಡಿ, ಪೂರ್ತಿ ಆರಿಸಿ, ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ಗೆ ಇಡಿ. ಹೊರಗೆ ಬಿಟ್ಟರೆ 40 ಡಿಗ್ರಿಯ ಸೆಕೆಗೆ ಬೆಳಗಾಗೋದರಲ್ಲಿ ಹುಳಿ ವಾಸನೆ ಹೊಡೆಯುತ್ತೆ. ಕಟ್ಟನ್ನೂ ಕುದಿಸಿ, ಆರಿಸಿ ಅದೇ ಫ್ರಿಜ್‌ಗೆ. ಬೆಳಿಗ್ಗೆ ಹೂರಣವನ್ನು ಒಂದು ತಾಸು ಮೊದಲು ಆಚೆ ಇಡಿ, ತಣ್ಣಗೆ ಬಿಗಿಯಾಗಿರುವಾಗ ತುಂಬಿದರೆ ಖಂಡಿತ ಹರಿಯುತ್ತೆ. ಕಣಕ ಮಾತ್ರ ಆವತ್ತೇ ಕಲಸಿ. ಆದರೆ ಅಮಾವಾಸ್ಯೆಗೂ ಎಡೆ ಇಡೋ ಮನೆಯಾದರೆ ಮಂಗಳವಾರವೇ ಒಲೆ ಬಿಡುವಿರಲ್ಲ, ಬೇಳೆ ಆರಿಸೋದು, ಕೊಬ್ಬರಿ ತುರಿಯೋದು ಸೋಮವಾರಕ್ಕೆ ತಳ್ಳಿ.

ಎಣ್ಣೆ ಹಚ್ಚಿ ನೀರು ಹಾಕೋ ಕೆಲಸಕ್ಕೆ ಹನ್ನೆರಡು ಮಂದಿ ಅಂದರೆ ಎರಡು ತಾಸು ಹಿಡಿಯಿರಿ. ಬೇವಿನ ತಪ್ಪಲು ರಾತ್ರಿಯೇ ಹಂಡೆಗೆ ಹಾಕಿ. ಬಚ್ಚಲಿಗೆ ನಡುನಡುವೆ ಸೀಗೆಪುಡಿ ಉದುರಿಸಿ ತೊಳೆಯದಿದ್ದರೆ ಹಿರಿಯರು ಜಾರಿ ಬೀಳೋದು ಖಚಿತ. ಮಾವಿನ ತೋರಣವನ್ನು ಸೂರ್ಯ ಹುಟ್ಟೋ ಮೊದಲು ಕಟ್ಟಿ. ಎಲೆಯ ತೊಟ್ಟನ್ನು ದಾರದ ಮೇಲೆ ಮಡಿಚಿ ಪೊರಕೆ ಕಡ್ಡಿ ಚುಚ್ಚಿದರೆ ಗಾಳಿಗೆ ಜಾರಲ್ಲ.

ಬರುವ ಸಂವತ್ಸರ ಪ್ಲವಂಗ. ಹಳೆ ಪರಾಭವದ ಪಂಚಾಂಗವೇ ದೇವರ ಮುಂದೆ ಉಳಿದಿರುತ್ತೆ, ಹೊಸದು ಮೊದಲೇ ತಂದಿಡಿ. ಬೇವು ಕುಡಿದ ಮೇಲೆ ಓದೋದಕ್ಕೆ ರಾಜ, ಮಂತ್ರಿ, ಮಳೆ, ಆದಾಯ-ವ್ಯಯ ಇಷ್ಟು ಸಾಕು, ಹಸಿದ ಮಕ್ಕಳನ್ನು ಕೂರಿಸಿಕೊಂಡು ರಾಶಿಫಲವೆಲ್ಲ ಓದಬೇಡಿ.

ಕೋಟೆಬೀದಿ (ಬಳ್ಳಾರಿ):

ಎಲ್ಲ ಬರೆದಿಟ್ಟುಕೊಂಡೆ. ಪಕ್ಕದ ತೆಲುಗು ಮನೆಯವರ ಪಚ್ಚಡಿಯಲ್ಲಿ ಮೆಣಸಿನಕಾಯಿ ಬೀಳುತ್ತೆ, ನಮ್ಮ ಬೇವಿಗೂ ಹಾಕಬೇಕಾ? ಹೂವು ಸಿಗದಿದ್ದರೆ?

ಎಡದೊರೆ (ರಾಯಚೂರು):

ಅವರದ್ದು ಆರು ರುಚಿ ಲೆಕ್ಕರಿ, ಖಾರ ಬೇಕೇ ಬೇಕು. ಪುಟಾಣಿ ಬೇವಿಗೆ ಖಾರ ಹೊಂದಲ್ಲ.

2026ರ ಉಗಾದಿ ಮಾರ್ಚ್ 19ಕ್ಕೇ ಇತ್ತು. ನಡುವ ಅಧಿಕ ಜ್ಯೇಷ್ಠ ಬಂದದ್ದರಿಂದ ಈ ಸಲ ಏಪ್ರಿಲ್‌ಗೆ ಸರಿದದ, ಹೂವಿಗೆ ಕೊರತಿ ಆಗಲಿಕ್ಕಿಲ್ಲ. ಅಷ್ಟಾಗಿ ಸಿಗದಿದ್ರ ಕೆಂಪು ಚಿಗುರೆಲಿ ಎಂಟ್ಹತ್ತು ಸಣ್ಣಗ ಹೆಚ್ಚಿ ಹಾಕ್ರಿ. ಬಲಿತ ಎಲಿ ಒಂದು ಬಿದ್ರೂ ಗಡಿಗಿ ಪೂರ್ತಿ ಕಹಿ.