ಗಿಟಾರ್ ಬೆಲ್ಟ್ ಬಟನ್ನಿಂದ ಕಳಚ್ಕೊಳ್ತಿದೆ, ಭುಜನೂ ನೋವು. ಯಾವುದು ತಗೊಳ್ಳೋದು?

ಸಕ್ಕರೆನಾಡು_ಗಿಟಾರ್ (ಮಂಡ್ಯ):

ಎಲ್ರಿಗೂ ನಮಸ್ಕಾರ. ಗಣೇಶನ ಸೀಸನ್ ಹತ್ರ ಬಂತು, ಆರ್ಕೆಸ್ಟ್ರಾ ಅಂದ್ರೆ ಮೂರು ಗಂಟೆ ನಿಂತೇ ನುಡಿಸ್ಬೇಕು. ಗಿಟಾರ್ ಎರಡು. ಒಂದು ಡ್ರೆಡ್‌ನಾಟ್ (ದೊಡ್ಡ ಬಾಡಿಯ) ಎಲೆಕ್ಟ್ರೋ-ಅಕೂಸ್ಟಿಕ್: ಹಿಂದುಗಡೆ ಬೆಲ್ಟ್ ಸಿಗಿಸೋ ಬಟನ್ ಜಾಗದಲ್ಲೇ ವೈರ್ ಚುಚ್ಚೋ ಜ್ಯಾಕ್ ಇದೆ, ಕತ್ತಿನ ಕಡೆ ಬಟನ್ನೇ ಇಲ್ಲ, ಹೆಡ್‌ಸ್ಟಾಕ್‌ಗೆ (ತಂತಿ ಬಿಗಿ ಮಾಡೋ ಕೀಗಳಿರೋ ತುದಿಗೆ) ದಾರ ಕಟ್ಟಿರೋದು. ಇನ್ನೊಂದು ಲೆಸ್ ಪಾಲ್ ಮಾದರಿ ಎಲೆಕ್ಟ್ರಿಕ್, ತೂಕ 4.2 ಕೆಜಿ. ಎರಡಕ್ಕೂ ಒಂದೇ 2 ಇಂಚಿನ ನೈಲಾನ್ ಬೆಲ್ಟ್. ಲೆಸ್ ಪಾಲ್‌ನಲ್ಲಿ ಮುಂದಿನ ಬಟನ್ನಿಂದ ಬೆಲ್ಟ್ ಕಳಚ್ಕೊಳ್ಳುತ್ತೆ, ಅಕೂಸ್ಟಿಕ್‌ನ ಜ್ಯಾಕ್‌ಗೆ ಬೆಲ್ಟಿನ ತೂತು ಹಿಡಿಸೋದೇ ಕಷ್ಟ. ಚರ್ಮದ್ದು ತಗೊಂಡ್ರೆ ಸರಿಹೋಗುತ್ತಾ, ಇಲ್ಲಾ ಸ್ಟ್ರ್ಯಾಪ್ ಲಾಕ್ (ಬೆಲ್ಟನ್ನ ಗಿಟಾರಿಗೆ ಕಚ್ಚಿಸಿ ಹಿಡಿಯೋ ಲಾಕ್) ಹಾಕಿಸ್ಲೇಬೇಕಾ?

ಆರನೇ_ತಂತಿ (ಮೈಸೂರು):

ಮೊದಲು ಒಂದು ವಿಷಯ. ಬೆಲ್ಟ್ ಕಳಚ್ಕೊಳ್ಳೋದು ಭಾರ ಬಿದ್ದಾಗ ಅಲ್ಲ, ಸಡಿಲ ಆದಾಗ. ಭಾರ ಇದ್ದಷ್ಟೂ ಹೊತ್ತು ಬಟನ್ನಿನ ಕತ್ತು ತೂತಿನ ತುದಿಗೆ ಒತ್ಕೊಂಡಿರುತ್ತೆ. ನೀವು ಬಗ್ಗಿ ಪೆಡಲ್ ತಿರುಗಿಸ್ದಾಗ, ಕೂತು ತೊಡೆ ಮೇಲೆ ಇಟ್ಕೊಂಡು ಮತ್ತೆ ಎದ್ದಾಗ ಬೆಲ್ಟ್ ಒಂದು ಕ್ಷಣ ಜೋಲು ಬೀಳುತ್ತಲ್ಲ, ಆಗ ಬಟನ್ ತೂತಿಂದ ಅದಕ್ಕೆ ಸೇರ್ಕೊಂಡಿರೋ ಸೀಳಿಗೆ ಜಾರುತ್ತೆ. ಆಮೇಲೆ ಭಾರ ಬಿತ್ತು ಅಂದ್ರೆ ಗಿಟಾರ್ ನೆಲಕ್ಕೆ. ಅದಕ್ಕೇ ಅಂಗಡೀಲಿ ಪಟ್ಟಿಯ ಬಣ್ಣ, ಡಿಸೈನ್ ಆಮೇಲೆ ನೋಡಿ. ಮೊದಲು ನೋಡ್ಬೇಕಾದ್ದು ಎರಡು ತುದಿಗಳು.

ತುದಿ ನಿಜವಾದ ಚರ್ಮ ಆಗಿರ್ಬೇಕು, 2.5ರಿಂದ 3 ಮಿ.ಮೀ. ದಪ್ಪ. ಗಿಟಾರ್ ಜೊತೆ ಪುಕ್ಕಟೆ ಬರೋ ಬೆಲ್ಟ್‌ಗಳಲ್ಲಿ ಎರಡು ಪದರ ರೆಕ್ಸಿನ್ ಮಧ್ಯೆ ರಟ್ಟು ಇಟ್ಟು ಹೊಲಿದಿರ್ತಾರೆ. ಬಗ್ಗಿಸಿ ನೋಡಿ, ಮಡಿಕೆ ಬಿದ್ದ ಕಡೆ ಬಿಳಿ ಗೆರೆ ಮೂಡಿ ಹಾಗೇ ಉಳಿದ್ರೆ ರಟ್ಟು. ಬೆವರು ತಾಕಿ ರಟ್ಟು ಮೆತ್ತಗಾಯ್ತು ಅಂದ್ರೆ ತೂತು ಬಾಯಿ ಬಿಟ್ಕೊಳ್ಳುತ್ತೆ. ಸೀಳು ಯಾವ ಕಡೆ ಇದೆ ಅಂತನೂ ಗಮನಿಸಿ: ತೂತಿಂದ ಪಟ್ಟಿ ಕಡೆ ಹೋಗಿರ್ಬೇಕು, ಹೊರತುದಿ ಕಡೆ ಅಲ್ಲ. ಹೊರತುದಿ ಕಡೆ ಇದ್ರೆ ಭಾರವೇ ಬಟನ್ನನ್ನ ಸೀಳೊಳಗೆ ಎಳೆಯುತ್ತೆ. ಹೊಸ ಚರ್ಮಕ್ಕೆ ಬಟನ್ ಹೋಗದಷ್ಟು ಬಿಗಿ ಇದ್ರೆ ಒಳ್ಳೇದೇ, ಬ್ಲೇಡ್ ಹಾಕಿ ಸೀಳು ದೊಡ್ಡದು ಮಾಡ್ಬೇಡಿ. ಹತ್ತಾರು ಸಲ ಹಾಕಿ ತೆಗೆದ್ರೆ ತಾನೇ ಹದಕ್ಕೆ ಬರುತ್ತೆ.

ಚರ್ಮದ ತುದಿಯನ್ನ ಪಟ್ಟಿಗೆ ಸೇರಿಸಿರೋ ಹೊಲಿಗೆ ಒಂದೇ ಅಡ್ಡಗೆರೆ ಆಗಿರ್ಬಾರ್ದು. ಚೌಕ ಹೊಲಿದು ಒಳಗೆ ಮೂಲೆಯಿಂದ ಮೂಲೆಗೆ ಕತ್ತರಿ ಆಕಾರದಲ್ಲಿ (X) ಹೊಲಿದಿರ್ಬೇಕು.

ಲೆಸ್ ಪಾಲ್‌ಗೆ ಲಾಕ್ ಹಾಕೋದಾದ್ರೆ ಹಾಕಿ, ಆದ್ರೆ ಅದಕ್ಕೆ ಮುಂಚೆ ರಬ್ಬರ್ ವಾಷರ್ ಒಂದು ನೋಡಿ. ಬೆಲ್ಟ್ ಹಾಕಿದ್ಮೇಲೆ ಬಟನ್ ತಲೆ ಮೇಲಿಂದ ಎಳೆದು ಕೂರಿಸೋ ದಪ್ಪ ರಬ್ಬರ್ ಬಿಲ್ಲೆ. ಹಿಂದೆ ಗ್ರೋಲ್ಷ್ ಬಿಯರ್ ಬಾಟಲಿ ಮುಚ್ಚಳದ ರಬ್ಬರನ್ನೇ ಗಿಟಾರಿಸ್ಟ್‌ಗಳು ಇದಕ್ಕೆ ಬಳಸ್ತಿದ್ರು, ಈಗ ಫೆಂಡರ್‌ನಂಥ ಕಂಪನಿಗಳೇ ಮಾಡಿ ಮಾರ್ತವೆ. ಸ್ಕ್ರೂ ಬಿಚ್ಚೋದು ಬೇಡ, ಮರ ಮುಟ್ಟೋದು ಬೇಡ. ಬಿರುಕು ಕಂಡ ದಿನ ಬದಲಾಯಿಸಿ.

ನಾಲ್ಕೇ_ತಂತಿ:

ವಾಷರ್ ಸರಿ, ಆದ್ರೆ 4.2 ಕೆಜಿ ಗಿಟಾರ್ ಹಾಕ್ಕೊಂಡು ಕುಣಿಯೋರಿಗೆ ನಾನು ಲಾಕನ್ನೇ ಹೇಳೋದು. ಇಲ್ಲಿ ಸಿಗೋದ್ರಲ್ಲಿ ಶಾಲರ್, ಡನ್‌ಲಪ್ ಎರಡೂ ಚೆನ್ನಾಗಿವೆ, ಕೈಕೊಡೋ ರೀತಿ ಮಾತ್ರ ಬೇರೆ ಬೇರೆ. ಶಾಲರ್ ಹಳೇ ಮಾದರೀಲಿ ಬೆಲ್ಟ್ ಮೇಲೆ ಕೂರೋ ನಟ್ ಅದುರಿ ಅದುರಿ ಸಡಿಲ ಆಗುತ್ತೆ. ಬಿಗಿ ಮಾಡಿ ಮರೆಗೆ (ಸುರುಳಿ ಗೆರೆಗೆ) ಒಂದು ಹನಿ ನೇಲ್ ಪಾಲಿಶ್ ಬಿಡಿ. ಹೊಸ ಎಸ್-ಲಾಕ್‌ನಲ್ಲಿ ಆ ನಟ್‌ಗೇ ಸಣ್ಣ ಅಲೆನ್ ಸ್ಕ್ರೂ ಕೊಟ್ಟಿದ್ದಾರೆ. ಡನ್‌ಲಪ್‌ನಲ್ಲಿ ಗುಂಡಿ ಒತ್ತಿ ಒಳಗೆ ತೂರಿಸೋದು. ಧೂಳು ಕೂತ್ರೆ ಪೂರ್ತಿ ಒಳಗೆ ಹೋಗಲ್ಲ, ಹೋದಂಗೆ ಕಾಣುತ್ತೆ ಅಷ್ಟೆ. ‘ಟಕ್’ ಅಂದ್ಮೇಲೂ ಒಂದ್ಸಲ ಎಳೆದು ನೋಡೋ ಅಭ್ಯಾಸ ಇರ್ಲಿ.

ಭುಜದ ನೋವಿಗೆ ಚರ್ಮನಾ ನೈಲಾನಾ ಅನ್ನೋದಕ್ಕಿಂತ ಅಗಲ ಮುಖ್ಯ. ನಿಮ್ಮ ಲೆಸ್ ಪಾಲ್ ತೂಕಕ್ಕೆ 3ರಿಂದ 3.5 ಇಂಚು ಬೇಕು. 2 ಇಂಚಿನದು ಎರಡು ಕೆಜಿ ಆಸುಪಾಸಿನ ಅಕೂಸ್ಟಿಕ್‌ಗೆ ಸಾಕು. ನಿಯೋಪ್ರೀನ್ (ಹಿಗ್ಗೋ ಮೆತ್ತನೆ ರಬ್ಬರ್) ಬೆಲ್ಟ್ ಅಂಗಡೀಲಿ ಹಾಕ್ಕೊಂಡಾಗ ಹಾಯ್ ಅನ್ಸುತ್ತೆ, ಸ್ಟೇಜ್ ಮೇಲೆ ಹೆಜ್ಜೆ ಹಾಕ್ದಂಗೆಲ್ಲಾ ಗಿಟಾರ್ ಮೇಲೆ ಕೆಳಗೆ ಕುಣಿಯುತ್ತೆ, ನನಗೆ ಅದು ಆಗಲ್ಲ. ಒಳಮೈ ಸ್ವೇಡ್ (ಒರಟು ನವಿರಿನ ಚರ್ಮ) ಇರೋ ಬೆಲ್ಟ್ ತಗೊಳ್ಳಿ, ಬಟ್ಟೆ ಹಿಡ್ಕೊಂಡು ಕೂರುತ್ತೆ, ಜಾರಲ್ಲ. ಗಿಟಾರಿನ ಕತ್ತು ಕೆಳಗೆ ಬಾಗೋ ಎಸ್‌ಜಿ, ಥಂಡರ್‌ಬರ್ಡ್ ಬೇಸ್‌ನಂಥ ಮಾದರಿಗಳಿಗೆ ಅದು ಬೇಕೇ ಬೇಕು. ಆದ್ರೆ ಹೊಸ ಚರ್ಮ ಬೆವರಿಗೆ ಬಣ್ಣ ಬಿಡುತ್ತೆ. ಸ್ಟೇಜ್‌ಗೆ ಬಿಳಿ ಜುಬ್ಬಾ ಹಾಕೋರಾದ್ರೆ ಮೊದಲೇ ಒದ್ದೆ ಬಿಳಿ ಬಟ್ಟೆಯಲ್ಲಿ ಒಳಮೈ ಉಜ್ಜಿ ನೋಡಿ.

ಬೆಲ್ಟ್ ನಿಮ್ಮ ಕತ್ತಿನ ಬುಡಕ್ಕೆ ಒತ್ಕೊಂಡಿರ್ಬಾರ್ದು, ಭುಜದ ನಡುಮಧ್ಯ ಕೂರ್ಬೇಕು. ಉದ್ದಕ್ಕೆ ಅಳತೆ ಸುಲಭ: ಕೂತು ಆರಾಮಾಗಿ ನುಡಿಸೋ ಭಂಗೀಲಿ ಗಿಟಾರ್ ಇಟ್ಕೊಂಡು, ಹಿಂದಿನ ಬಟನ್ನಿಂದ ಬೆನ್ನಿನ ಮೇಲೆ, ಎಡಭುಜದ ಮೇಲೆ ಮುಂದಿನ ಬಟನ್‌ವರೆಗೆ ಟೈಲರ್ ಟೇಪ್ ಹಿಡೀರಿ. ನಿಂತಾಗಲೂ ಗಿಟಾರ್ ಅಲ್ಲೇ ಇರ್ಬೇಕು. ಸ್ಟೈಲ್‌ಗೆ ಅಂತ ತೊಡೆವರೆಗೂ ಇಳಿಬಿಟ್ರೆ ಎಡಗೈ ಮಣಿಕಟ್ಟು ಮುರಿದಂಗೆ ಬಾಗಿ, ಬಾರ್ ಕಾರ್ಡ್ (ಒಂದೇ ಬೆರಳಲ್ಲಿ ತಂತಿಗಳನ್ನೆಲ್ಲಾ ಒತ್ತೋದು) ಹಿಡಿಯೋದ್ರೊಳಗೆ ಹಾಡೇ ಮುಗಿದಿರುತ್ತೆ.

ಉಳಿ_ಮತ್ತು_ಅರ (ಮೈಸೂರು):

ಅಕೂಸ್ಟಿಕ್ ಬಗ್ಗೆ ಯಾರೂ ಮಾತಾಡ್ಲಿಲ್ಲವಲ್ಲ. ಸರ್, ಈ ಲಾಕ್‌ಗಳು ಸ್ಕ್ರೂ ಬಟನ್ ತೆಗೆದು ಆ ಜಾಗದಲ್ಲಿ ಕೂರೋವು, ನಿಮ್ಮ ಜ್ಯಾಕ್ ಇರೋ ಕಡೆ ಹಿಡಿಸಲ್ಲ. ಆ ಜ್ಯಾಕಿಗೆ ಮರದಲ್ಲಿ ಕೊರೆಯೋ ತೂತೇ ಅರ್ಧ ಇಂಚು, ಹಾಗಾಗಿ ಅದರ ಕತ್ತೂ ಮಾಮೂಲಿ ಬಟನ್ನಿಗಿಂತ ದಪ್ಪ. ಆ ತುದಿಗೆ ಮಾತ್ರ ಬ್ಯಾಗ್ ರಿಪೇರಿ ಅಂಗಡೀಲಿ ಪಂಚ್ ಹಾಕಿಸಿ ದುಂಡನೆ ತೂತು ಸ್ವಲ್ಪ ಅಗಲ ಮಾಡ್ಸಿ. ಚಾಕುವಿನ ಸೀಳು ಹರೀತಾ ಹೋಗುತ್ತೆ, ಪಂಚಿನ ದುಂಡು ಅಂಚು ಹರಿಯಲ್ಲ. ಹಾಗೆ ಮಾಡ್ಸಿದ ಬೆಲ್ಟನ್ನ ಮತ್ತೆ ಲೆಸ್ ಪಾಲ್‌ಗೆ ಹಾಕ್ಬೇಡಿ. ಎರಡು ಗಿಟಾರಿಗೆ ಎರಡು ಬೆಲ್ಟ್, ಬೇರೆ ದಾರಿ ಇಲ್ಲ.

ಬೆಲ್ಟ್ ಎಳೆತಕ್ಕೆ ಜ್ಯಾಕ್ ತಿರುಗ್ತಾ ಇದ್ರೆ ತಕ್ಷಣ ಬಿಗಿ ಮಾಡಿ, ಇಲ್ಲಾಂದ್ರೆ ಒಳಗಿನ ವೈರ್ ತಿರುಚಿ ಕಿತ್ಕೊಂಡು ಬರುತ್ತೆ. ಹೊರಗಿನ ಟೋಪಿ ಬಿಚ್ಚಿದ್ರೆ ಕೆಳಗೆ ನಟ್ ಇರುತ್ತೆ. ಜ್ಯಾಕಿನ ಕೊಳವೆಯಲ್ಲಿ ಅಡ್ಡ ತೂತು ಇದ್ರೆ ಅದಕ್ಕೆ ತೆಳ್ಳನೆ ಮೊಳೆ ತೂರಿಸಿ ಹಿಡ್ಕೊಂಡು ನಟ್ ಬಿಗಿ ಮಾಡಿ, ಒಳಗಿನದು ತಿರುಗಲ್ಲ.

ಹೆಡ್‌ಸ್ಟಾಕ್‌ಗೆ ಕಟ್ಟೋದು ತಪ್ಪೇನಲ್ಲ, ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರೋ ಪಟ್ಟಿ) ಮತ್ತು ಮೊದಲ ಕೀಗಳ ನಡುವೆ ತಂತಿಗಳ ಕೆಳಗಿಂದ ಹೋಗ್ಬೇಕು ಅಷ್ಟೆ. ಆದ್ರೆ ದಾರ ಎಡಗೈಗೆ ಅಡ್ಡ ಬರುತ್ತೆ, ಮೇಲಾಗಿ 14ನೇ ಫ್ರೆಟ್‌ನಲ್ಲಿ ಬಾಡಿ ಸೇರೋ ಗಿಟಾರಿಗೆ ಬೆಲ್ಟ್ ಇನ್ನೊಂದು 14 ಇಂಚಿನಷ್ಟು ಉದ್ದ ಬೇಕಾಗುತ್ತೆ. ಹೀಲ್‌ಗೆ (ಕತ್ತು ಬಾಡಿಗೆ ಸೇರೋ ಬುಡಕ್ಕೆ) ಬಟನ್ ಹಾಕಿಸೋದೇ ವಾಸಿ.

ಬಟನ್ ಜಾಗ: ಹೀಲಿನ ಪಕ್ಕದಲ್ಲಿ, ಸಣ್ಣ ತಂತಿ ಇರೋ ಕಡೆ. ಹೀಲಿನ ಬೆನ್ನಿಗೆ ಹಾಕಿದ್ರೆ ಗಿಟಾರ್ ಮುಂದಕ್ಕೆ ವಾಲುತ್ತೆ. ಮೊದಲು ಮೊಬೈಲ್ ಟಾರ್ಚ್, ಸಣ್ಣ ಕನ್ನಡಿ ಹಿಡಿದು ಸೌಂಡ್‌ಹೋಲ್ ಒಳಗೆ ಕತ್ತಿನ ಬುಡ ನೋಡಿ. ಬೋಲ್ಟ್ ತಲೆ ಕಂಡ್ರೆ ಅದರ ನೇರಕ್ಕೆ ಕೊರೆಯೋ ಹಾಗಿಲ್ಲ. ಹೀಲ್ ತುದಿಗೆ ಅಂಟಿಸಿರೋ ತೆಳು ಟೋಪಿಯ ಸಂದನ್ನೂ ಬಿಟ್ಟುಬಿಡಿ. ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಮೊಳೆಯಿಂದ ಚುಚ್ಚಿ, 8 ನಂಬರ್ ಸ್ಕ್ರೂಗೆ 3 ಮಿ.ಮೀ. ಬಿಟ್‌ನಲ್ಲಿ ಮೇಲ್ಮೈಗೆ ನೇರವಾಗಿ ಕೊರೀರಿ. ಒಂದೂಕಾಲು ಇಂಚಿನ ಸ್ಕ್ರೂ ತಗೊಂಡ್ರೆ ಬಟನ್ನಿನೊಳಗೆ ಅರ್ಧ ಇಂಚು ಹೋಗಿ ಮರಕ್ಕೆ ಮುಕ್ಕಾಲು ಇಂಚು ಸಿಗುತ್ತೆ. ಅಷ್ಟೇ ಆಳಕ್ಕೆ ಬಿಟ್‌ಗೂ ಒಂದು ಟೇಪ್ ಸುತ್ತಿಡಿ. ಸ್ಕ್ರೂಗೆ ಮೇಣದಬತ್ತಿ ಉಜ್ಜಿ, ಬಟನ್ ಕೆಳಗೆ ಫೆಲ್ಟ್ ವಾಷರ್ ಇಟ್ಟು ಕೈಯಲ್ಲೇ ತಿರುಗಿಸಿ, ಡ್ರಿಲ್ ಮೆಷಿನ್‌ನಲ್ಲಿ ಬೇಡ. ಕೊರೆಯದೇ ಸ್ಕ್ರೂ ನುಗ್ಗಿಸಿದ್ರೆ ಹೀಲ್ ಸೀಳುತ್ತೆ, ಆಮೇಲೆ ಅದು ನಿಮ್ಮ ಕೈಲಿ ಆಗೋ ಕೆಲಸ ಅಲ್ಲ.

ಸಕ್ಕರೆನಾಡು_ಗಿಟಾರ್ (ಮಂಡ್ಯ):

ಬಾಳ ಉಪಕಾರ ಆಯ್ತು. ಕನ್ನಡಿ ಹಿಡಿದು ನೋಡ್ದೆ, ಎರಡು ಬೋಲ್ಟ್ ಕಾಣ್ತವೆ. ಲೆಸ್ ಪಾಲ್ ಮುಂದಿನ ಬಟನ್ ಕೈಲಿ ತಿರುಗಿಸಿದ್ರೂ ಸುಮ್ನೆ ತಿರುಗುತ್ತೆ, ಮರೆ ಹೋಗಿದೆ ಅನ್ಸುತ್ತೆ. ಇನ್ನೂ ದಪ್ಪ ಸ್ಕ್ರೂ ಹಾಕ್ಲಾ?

ಉಳಿ_ಮತ್ತು_ಅರ (ಮೈಸೂರು):

ಬೇಡ, ದಪ್ಪ ಸ್ಕ್ರೂವಿನ ತಲೆ ಬಟನ್ನಿನ ಕುಳಿಯೊಳಗೆ ಕೂರದೆ ಮೇಲೆದ್ದು ಚರ್ಮ ಕೊರೆಯುತ್ತೆ. ಸ್ಕ್ರೂ ತೆಗೆದು ತೂತಿಗೆ ಫೆವಿಕಾಲ್ ಬಿಟ್ಟು, ಟೂತ್‌ಪಿಕ್‌ಗಳನ್ನ ಅದರಲ್ಲೇ ಅದ್ದಿ ಇನ್ನು ಹಿಡಿಸಲ್ಲ ಅನ್ನೋವರೆಗೂ ತುರುಕಿ. ಒಂದು ದಿನ ಪೂರ್ತಿ ಒಣಗ್ಲಿ, ಮಳೆಗಾಲದಲ್ಲಿ ಎರಡು ದಿನ. ಬ್ಲೇಡ್‌ನಲ್ಲಿ ಸಮಕ್ಕೆ ಕತ್ತರಿಸಿ, 2.5 ಮಿ.ಮೀ. ಬಿಟ್‌ನಲ್ಲಿ ಕೊರೆದು ಹಳೇ ಸ್ಕ್ರೂನೇ ಹಾಕಿ. ಬೆಲ್ಟ್ ಕಳಚ್ತಿದ್ದಕ್ಕೆ ಇದೂ ಒಂದು ಕಾರಣ ಇರ್ಬಹುದು, ಬಟನ್ ವಾಲಿದ್ರೆ ತೂತು ಸುಲಭವಾಗಿ ಜಾರುತ್ತೆ. ಲಾಕ್ ಹಾಕೋದಿದ್ರೂ ಮೊದಲು ಇದನ್ನ ಸರಿ ಮಾಡ್ಕಳಿ.

ಬೋಲ್ಟ್ ಎರಡು ಇರೋ ಹೀಲಿಗೆ ನೀವೇ ಕೊರೆಯೋಕೆ ಹೋಗ್ಬೇಡಿ, ರಿಪೇರಿ ಮಾಡೋರ ಹತ್ರ ತಗೊಂಡು ಹೋಗಿ. ಅಲ್ಲೀವರೆಗೂ ದಾರನೇ ಇರ್ಲಿ.

ಆರನೇ_ತಂತಿ (ಮೈಸೂರು):

ಒಂದು ಬಿಟ್ಟೋಯ್ತು. ಗಿಟಾರನ್ನ ಕೇಸಲ್ಲಿ ಇಡುವಾಗ ಬೆಲ್ಟ್ ಸುತ್ತಿ ಮೇಲಿಡ್ಬೇಡಿ. ಗಿಬ್ಸನ್‌ನಂಥ ನೈಟ್ರೋ ಲ್ಯಾಕರ್ ಫಿನಿಶ್ ಇದ್ರೆ ರಬ್ಬರ್, ವಿನೈಲ್ ತಾಕಿದ ಕಡೆ ಮೆರುಗು ಕರಗಿ ಕಲೆ ಬೀಳುತ್ತೆ, ಅಂಥ ಗಿಟಾರಿಗೆ ರಬ್ಬರ್ ವಾಷರ್ ಕೂಡ ಹಾಕಿಟ್ಟು ಬಿಡೋ ಹಾಗಿಲ್ಲ. ಪಾಲಿ (ಪ್ಲಾಸ್ಟಿಕ್ ಥರದ) ಫಿನಿಶ್‌ಗೆ ಸಾಮಾನ್ಯವಾಗಿ ಏನೂ ಆಗಲ್ಲ. ಚರ್ಮದ ಬೆಲ್ಟನ್ನ ಬೆವರು ಒಣಗದೆ ಕೇಸಲ್ಲಿ ಮುಚ್ಚಿಟ್ರೆ ಆಷಾಢದಲ್ಲಿ ಬೂಷ್ಟು ಗ್ಯಾರಂಟಿ. ಕಾರ್ಯಕ್ರಮ ಮುಗಿಸಿ ಬಂದ್ಮೇಲೆ ರಾತ್ರಿಯೆಲ್ಲಾ ಗಾಳಿಗೆ ನೇತುಹಾಕಿ, ಬಿಸಿಲಿಗೆ ಬೇಡ.