ಲೀಸ್‌ಹೋಲ್ಡ್ ಫ್ಲ್ಯಾಟ್‌ಗೆ ಹೆಂಡತಿ ಹೆಸರು ಸೇರಿಸುವುದು ಹೇಗೆ?

ಪ್ರಶ್ನೆ (ಇಂಗ್ಲೆಂಡಿನ ರೆಡಿಂಗ್‌ನಿಂದ):
ಮೇಡಂ, ನಮಸ್ತೆ. 2019ರಲ್ಲಿ, ಮದುವೆಗೆ ಮುಂಚೆ, ಇಲ್ಲೊಂದು ಲೀಸ್‌ಹೋಲ್ಡ್ ಫ್ಲ್ಯಾಟ್ (ಜಾಗ ಬೇರೆಯವರದ್ದು, ಇಷ್ಟು ವರ್ಷ ಅಂತ ಲೀಸ್) ತಗೊಂಡೆ. ನನ್ನೊಬ್ಬನ ಹೆಸರಲ್ಲಿದೆ. ಈಗ ಹೆಂಡತಿಯ ಹೆಸರನ್ನೂ ಸೇರಿಸಬೇಕು ಅಂತಿದ್ದೇನೆ. ಬೆಲೆ ಸುಮಾರು 3 ಲಕ್ಷ 60 ಸಾವಿರ ಪೌಂಡ್, ಸಾಲ ಇನ್ನೂ 2 ಲಕ್ಷ 80 ಸಾವಿರ ಬಾಕಿ. ಅವಳ ಹೆಸರಲ್ಲಿ ಮೈಸೂರಲ್ಲಿ ಒಂದು ಫ್ಲ್ಯಾಟ್ ಇದೆ, ಮಾವ ಕೊಡಿಸಿದ್ದು. ಊರಲ್ಲಾದರೆ ದಾನಪತ್ರ ಬರೆಸಿ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿ ಬಂದರೆ ಮುಗೀತು. ಇಲ್ಲೂ ಒಂದು ಫಾರ್ಮ್ ತುಂಬಿ ಕಳಿಸಿದರೆ ಸಾಕಾ? ಬ್ಯಾಂಕಿಗೆ ಹೇಳಲೇಬೇಕಾ?

ಉತ್ತರ (ಸಾಲಿಸಿಟರ್):
ನಮಸ್ತೆ. ಮುಖ್ಯ ಫಾರ್ಮ್ ಟಿಆರ್1, ಅಂದರೆ ಮನೆಯನ್ನು ವರ್ಗ ಮಾಡುವ ಪತ್ರ. ಆದರೆ ಅದನ್ನು ಕಳಿಸುವ ಮುಂಚೆ ಬ್ಯಾಂಕು ಒಪ್ಪಬೇಕು, ನಿಮ್ಮ ಲೀಸ್ ಪತ್ರವೂ ಒಪ್ಪಬೇಕು. ಎಲ್ಲರೂ ಮರೆಯುವುದು ಎರಡನೆಯದನ್ನೇ. (ನಾನು ಹೇಳುವುದು ಇಂಗ್ಲೆಂಡಿನ ಮಾತು. ವೇಲ್ಸ್‌ನಲ್ಲಿ ತೆರಿಗೆ ಬೇರೆ, ಸ್ಕಾಟ್ಲೆಂಡ್‌ನಲ್ಲಿ ಕಾನೂನೇ ಬೇರೆ.)

ಮೊದಲು ಒಂದು ವಿಷಯ. ಕಾನೂನಿನಲ್ಲಿ "ಹೆಸರು ಸೇರಿಸುವುದು" ಅನ್ನೋದು ಇಲ್ಲ. ನಿಮ್ಮೊಬ್ಬರ ಹೆಸರಲ್ಲಿರುವ ಫ್ಲ್ಯಾಟನ್ನು ನಿಮ್ಮಿಬ್ಬರಿಗೆ ವರ್ಗ ಮಾಡುತ್ತೀರಿ. ಹಾಗಾಗಿ ಟಿಆರ್1ರಲ್ಲಿ ಕೊಡುವವರು ನೀವು, ಪಡೆಯುವವರು ನೀವು ಮತ್ತು ನಿಮ್ಮ ಹೆಂಡತಿ. ಪಡೆಯುವವರ ಜಾಗದಲ್ಲಿ ಹೆಂಡತಿ ಹೆಸರು ಮಾತ್ರ ಬರೆದವರನ್ನು ನೋಡಿದ್ದೇನೆ. ಹಾಗೆ ಬರೆದರೆ ಇಡೀ ಮನೆ ಅವರದ್ದಾಗುತ್ತದೆ, ನೀವು ಬಾಡಿಗೆ ಇಲ್ಲದ ಅತಿಥಿ. ಸಹಿಗೆ ಸಾಕ್ಷಿ ಹೊರಗಿನವರಾಗಬೇಕು. ಹೆಂಡತಿಯೂ ಪತ್ರದಲ್ಲಿ ಇರುವುದರಿಂದ ಅವರು ನಿಮಗೆ ಸಾಕ್ಷಿ ಹಾಕುವ ಹಾಗಿಲ್ಲ.

ಬ್ಯಾಂಕಿಗೆ ಹೇಳಲೇಬೇಕು. ಅವರ ಒಪ್ಪಿಗೆ ಇಲ್ಲದೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ (ಇಲ್ಲಿನ ಆಸ್ತಿ ನೋಂದಣಿ ಕಚೇರಿ) ಕೆಲಸ ಮುಂದೆ ಹೋಗುವುದಿಲ್ಲ. ಅವರು ನಿಮ್ಮ ಹೆಂಡತಿಯ ಸಂಬಳ, ವೀಸಾ, ಕ್ರೆಡಿಟ್ ಇತಿಹಾಸ ಎಲ್ಲ ನೋಡುತ್ತಾರೆ. ಸೇರಿದ ಮೇಲೆ ಆ 2 ಲಕ್ಷ 80 ಸಾವಿರಕ್ಕೆ ಇಬ್ಬರೂ ಪೂರ್ತಿ ಹೊಣೆ. ಅರ್ಧರ್ಧ ಅಲ್ಲ, ಪೂರ್ತಿ. ಅದಕ್ಕೇ ಎಷ್ಟೋ ಬ್ಯಾಂಕುಗಳು "ಹೆಂಡತಿ ಬೇರೆ ವಕೀಲರ ಸಲಹೆ ತಗೊಳ್ಳಲಿ" ಅಂತ ಕೇಳುತ್ತವೆ. ಬೇಜಾರು ಮಾಡಿಕೊಳ್ಳಬೇಡಿ, ಅದು ನಿಮ್ಮ ಹೆಂಡತಿಯ ಒಳ್ಳೆಯದಕ್ಕೇ. ಫಿಕ್ಸೆಡ್ ರೇಟಿನ ಅವಧಿ ನಡೆಯುತ್ತಿದ್ದರೆ ದಂಡ ಬೀಳುತ್ತದಾ ಅಂತ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ಇನ್ನು ಲೀಸ್. ಇವತ್ತೇ ಲ್ಯಾಂಡ್ ರಿಜಿಸ್ಟ್ರಿಯ ಸರ್ಕಾರಿ ವೆಬ್‌ಸೈಟಿನಿಂದ ನಿಮ್ಮ ಟೈಟಲ್ ರಿಜಿಸ್ಟರ್ (ಮಾಲೀಕತ್ವದ ದಾಖಲೆ) ಇಳಿಸಿಕೊಳ್ಳಿ, 7 ಪೌಂಡ್. ಅದರಲ್ಲಿ ಬಿ ಭಾಗ ಓದಿ. ಅಲ್ಲಿ "ರಿಸ್ಟ್ರಿಕ್ಷನ್" ಅಂತ ಒಂದು ಸಾಲು ಇರಬಹುದು. ಲೀಸಿನ ಇಂಥ ಕಲಮು ಪಾಲನೆ ಆಗಿದೆ ಎಂದು ಫ್ರೀಹೋಲ್ಡರ್ (ಕಟ್ಟಡದ ಮೂಲ ಮಾಲೀಕರು) ಅಥವಾ ಮ್ಯಾನೇಜ್‌ಮೆಂಟ್ ಕಂಪನಿ ಸರ್ಟಿಫಿಕೇಟ್ ಕೊಡದೆ ವರ್ಗಾವಣೆ ನೋಂದಾಯಿಸಬಾರದು ಅಂತ. ಅದಿದ್ದರೆ ಕೀಲಿಕೈ ಅವರ ಕೈಯಲ್ಲಿದೆ. ಸರ್ವಿಸ್ ಚಾರ್ಜ್ (ಕಟ್ಟಡದ ನಿರ್ವಹಣೆ ಶುಲ್ಕ) ಬಾಕಿ ಇದ್ದರೆ ಸರ್ಟಿಫಿಕೇಟ್ ಬರಲ್ಲ. ನನ್ನ ಕಕ್ಷಿದಾರರೊಬ್ಬರು ಲಿಫ್ಟ್ ರಿಪೇರಿ ಲೆಕ್ಕದ ಬಗ್ಗೆ ಜಗಳ ಆಡಿ ಒಂದು ಬಿಲ್ ಕಟ್ಟದೆ ಬಿಟ್ಟಿದ್ದರು. ಬ್ಯಾಂಕು ಹತ್ತು ದಿನದಲ್ಲಿ ಒಪ್ಪಿತು, ಈ ಸರ್ಟಿಫಿಕೇಟಿಗೆ ಏಳು ವಾರ ಕಾದೆವು.

ಕೆಲವು ಲೀಸ್‌ಗಳಲ್ಲಿ ಹೊಸ ಮಾಲೀಕರು ಡೀಡ್ ಆಫ್ ಕವನೆಂಟ್ ಬರೆದುಕೊಡಬೇಕು, ಅಂದರೆ "ಲೀಸಿನ ಷರತ್ತುಗಳನ್ನು ಪಾಲಿಸುತ್ತೇನೆ" ಅನ್ನೋ ಮುಚ್ಚಳಿಕೆ. ಇನ್ನು ಕೆಲವಲ್ಲಿ ವರ್ಗ ಆದಮೇಲೆ ನೋಟಿಸ್ ಕೊಟ್ಟು ಫೀಸ್ ಕಟ್ಟಿದರೆ ಸಾಕು, ಸಾಮಾನ್ಯವಾಗಿ ಒಂದು ತಿಂಗಳೊಳಗೆ. ಒಪ್ಪಿಗೆಗೆ ಅಂತ ಬಾಯಿಗೆ ಬಂದ ಫೀಸ್ ಕೇಳಿದರೆ ಸುಮ್ನೆ ಕಟ್ಟಬೇಡಿ. ಇಂಥ ಶುಲ್ಕ ನ್ಯಾಯವಾಗಿರಬೇಕು ಅಂತ 2002ರ ಲೀಸ್‌ಹೋಲ್ಡ್ ಕಾಯ್ದೆಯಲ್ಲೇ ಇದೆ, ಟ್ರಿಬ್ಯೂನಲ್‌ನಲ್ಲಿ ಪ್ರಶ್ನಿಸಬಹುದು.

ತೆರಿಗೆ. ನೀವು ದುಡ್ಡು ತಗೊಳ್ಳದೆ ಕೊಟ್ಟರೂ, ತೆರಿಗೆಯವರ ಕಣ್ಣಲ್ಲಿ ಹೆಂಡತಿ ತಮ್ಮ ಪಾಲಿನಷ್ಟು, ಅಂದರೆ ಸಾಲದ ಅರ್ಧ ಹೊರುತ್ತಾರಲ್ಲ, ಅದೇ "ಬೆಲೆ" ಅಂತ ಲೆಕ್ಕ. ಅರ್ಧ ಅಂದರೆ 1 ಲಕ್ಷ 40 ಸಾವಿರ. ಮೊದಲ 1 ಲಕ್ಷ 25 ಸಾವಿರಕ್ಕೆ ಸ್ಟಾಂಪ್ ಡ್ಯೂಟಿ ಇಲ್ಲ. ಉಳಿದ 15 ಸಾವಿರಕ್ಕೆ 2%, ಅಂದರೆ 300 ಪೌಂಡ್. 14 ದಿನದೊಳಗೆ ರಿಟರ್ನ್ ಹಾಕಿ ಕಟ್ಟಬೇಕು. ಅವರಿಗೆ 40% ಪಾಲು ಮಾತ್ರ ಕೊಟ್ಟರೆ 1 ಲಕ್ಷ 12 ಸಾವಿರ ಆಗಿ ತೆರಿಗೆ ಸೊನ್ನೆ, ನಿಜ. 300 ಪೌಂಡ್ ಉಳಿಸೋಕೆ ಮನೆಯಲ್ಲಿ ಆ ಮಾತು ಎತ್ತುವ ಧೈರ್ಯ ನಿಮಗಿದೆಯಾ, ನೀವೇ ನೋಡಿಕೊಳ್ಳಿ.

ಮೈಸೂರಿನ ಫ್ಲ್ಯಾಟ್ ವಿಚಾರ ಹೇಳಿದ್ದು ಒಳ್ಳೇದಾಯ್ತು. ಎರಡನೇ ಮನೆಗೆ ಇಲ್ಲಿ 5% ಜಾಸ್ತಿ ತೆರಿಗೆ ಇದೆ, ಮೊದಲ ಮನೆ ಪ್ರಪಂಚದಲ್ಲಿ ಎಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. ಆದರೆ 2017ರ ನವೆಂಬರ್ 22ರಿಂದ, ಒಟ್ಟಿಗೆ ಬಾಳುತ್ತಿರುವ ಗಂಡ ಹೆಂಡತಿಯ ನಡುವಿನ ವರ್ಗಾವಣೆಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ನೀವು ಪಾರು. ಕ್ಯಾಪಿಟಲ್ ಗೇನ್ಸ್ ತೆರಿಗೆಯೂ ಈಗ ಬೀಳುವುದಿಲ್ಲ.

ಮತ್ತೊಬ್ಬ ಸದಸ್ಯರು (ಸ್ಲೌ):
ಮೇಡಂ, ಜಾಯಿಂಟ್ ಟೆನೆಂಟ್ಸ್, ಟೆನೆಂಟ್ಸ್ ಇನ್ ಕಾಮನ್ ಅಂತ ಏನೋ ಟಿಕ್ ಮಾಡಬೇಕಂತೆ. ಯಾವುದು?

ಉತ್ತರ:
ಟಿಆರ್1ರ 10ನೇ ಭಾಗ. "ಟೆನೆಂಟ್" ಅಂದಕೂಡಲೇ ಬಾಡಿಗೆದಾರ ಅಂತ ಗಾಬರಿ ಬೇಡ. ಜಾಯಿಂಟ್ ಆದರೆ ಒಬ್ಬರು ಹೋದಮೇಲೆ ಮನೆ ತಾನಾಗಿ ಇನ್ನೊಬ್ಬರದ್ದು, ವಿಲ್ ಏನೇ ಹೇಳಲಿ. ಇನ್ ಕಾಮನ್ ಆದರೆ ಅವರವರ ಪಾಲು ಅವರವರ ವಿಲ್ ಪ್ರಕಾರ. ಊರಲ್ಲಿರುವ ಅಪ್ಪ ಅಮ್ಮನಿಗೆ ಅಥವಾ ಮೊದಲ ಮದುವೆಯ ಮಕ್ಕಳಿಗೆ ಪಾಲು ಹೋಗಬೇಕು ಅನ್ನುವವರಿಗೆ ಎರಡನೆಯದು. ಉಳಿದವರಿಗೆ ನಾನು ಹೇಳೋದು ಜಾಯಿಂಟ್.

ಮತ್ತೊಬ್ಬ ಸದಸ್ಯೆ:
ಮೇಡಂ, ನಮ್ಮ ಯಜಮಾನರು "ಯಾಕೆ ಸುಮ್ನೆ ಖರ್ಚು" ಅಂತ ಮುಂದೂಡುತ್ತಲೇ ಇದ್ದಾರೆ. ನನ್ನ ಹೆಸರು ಇಲ್ಲದಿದ್ದರೆ ಮನೆ ಮೇಲೆ ನನಗೆ ಏನೂ ಹಕ್ಕಿಲ್ವಾ?

ಉತ್ತರ:
ಇದೆ. 1996ರ ಫ್ಯಾಮಿಲಿ ಲಾ ಕಾಯ್ದೆ ಪ್ರಕಾರ ನೀವು ಸಂಸಾರ ಮಾಡುತ್ತಿರುವ ಮನೆಯಲ್ಲಿ ವಾಸಿಸುವ ಹಕ್ಕು ನಿಮಗಿದೆ. ಎಚ್‌ಆರ್1 ಅನ್ನೋ ಫಾರ್ಮ್‌ನಲ್ಲಿ ಅದನ್ನು ರಿಜಿಸ್ಟರ್‌ಗೆ ಹಾಕಿಸಬಹುದು. ಗಂಡನ ಸಹಿ ಬೇಕಿಲ್ಲ, ಆದರೆ ಲ್ಯಾಂಡ್ ರಿಜಿಸ್ಟ್ರಿಯಿಂದ ಅವರಿಗೆ ಪತ್ರ ಹೋಗುತ್ತದೆ, ಗೊತ್ತಿರಲಿ. ಇದು ಇರುವ ಹಕ್ಕು ಅಷ್ಟೇ, ಮಾಲೀಕತ್ವ ಅಲ್ಲ. ಮದುವೆ ಮುಗಿದರೆ ಸಾಮಾನ್ಯವಾಗಿ ಅದೂ ಮುಗಿಯುತ್ತದೆ. ಯಜಮಾನರಿಗೆ ಒಂದು ವಿಲ್ ಆದರೂ ಬರೆಯೋಕೆ ಹೇಳಿ. ಅವರು ವಿಲ್ ಬರೆಯದೆ ತೀರಿಕೊಂಡರೆ, ಮಕ್ಕಳಿದ್ದಾಗ ಅವರ ಆಸ್ತಿಯಲ್ಲಿ ನಿಮಗೆ ಮೊದಲ 3 ಲಕ್ಷ 22 ಸಾವಿರ ಪೌಂಡ್, ಆಮೇಲೆ ಉಳಿದದ್ದರಲ್ಲಿ ಅರ್ಧ. ಲಂಡನ್ ಕಡೆ ಮನೆ ಬೆಲೆಗೆ ಅದು ಸಾಲದೇ ಹೋಗಬಹುದು.

ರೆಡಿಂಗ್‌ನವರು ಮತ್ತೆ:
ತುಂಬಾ ಥ್ಯಾಂಕ್ಸ್ ಮೇಡಂ. ರಿಜಿಸ್ಟರ್ ತೆಗೆದೆ, ರಿಸ್ಟ್ರಿಕ್ಷನ್ ಇದೆ! ಇನ್ನೊಂದು ತೊಡಕು. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು, ಅವಳ ಹೆಸರು ಪೂರ್ತಿ ಇದೆ. ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ಮತ್ತೆ ಲೀಸ್ 83 ವರ್ಷ ಉಳಿದಿದೆ. ಅದನ್ನು ಮೊದಲು ವಿಸ್ತರಿಸಲಾ?

ಉತ್ತರ:
ಹೆಸರಿನ ಕಥೆ ನಮ್ಮ ಕಡೆಯವರಿಗೆಲ್ಲ ಇದ್ದದ್ದೇ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಟಿಆರ್1ರಲ್ಲಿ ಬರೆಯಿರಿ. ಬ್ಯಾಂಕಿನ ದಾಖಲೆಯನ್ನು ಮೊದಲೇ ಅದಕ್ಕೆ ಸರಿಹೊಂದಿಸಿ. ಅಡಮಾನದ ಕಾಗದದಲ್ಲಿ ಒಂದು ಹೆಸರು, ವರ್ಗಾವಣೆಯಲ್ಲಿ ಇನ್ನೊಂದು ಅಂತಾದರೆ ಅರ್ಜಿ ವಾಪಸ್ ಬರುತ್ತದೆ.

ಲೀಸ್ 80 ವರ್ಷಕ್ಕಿಂತ ಕೆಳಗೆ ಇಳಿದರೆ ವಿಸ್ತರಣೆ ದುಬಾರಿ, ಆದ್ದರಿಂದ ತುಂಬಾ ದಿನ ಬಿಡಬೇಡಿ. ಮೊದಲಾಗಿದ್ದರೆ ಎರಡು ವರ್ಷ ಮಾಲೀಕರಾಗಿದ್ದ ಮೇಲೆಯೇ ಕೇಳಬಹುದಿತ್ತು, ಹೆಂಡತಿ ಹೆಸರು ಸೇರಿಸಿದರೆ ಆ ಎಣಿಕೆಯೇ ಗೊಂದಲ ಆಗುತ್ತಿತ್ತು. 2025ರ ಜನವರಿ 31ಕ್ಕೆ ಆ ನಿಯಮ ಹೋಯಿತು. ಹಾಗಾಗಿ ಮೊದಲು ಹೆಸರು ಸೇರಿಸಿ, ಆಮೇಲೆ ಇಬ್ಬರೂ ಒಟ್ಟಿಗೆ ವಿಸ್ತರಣೆಯ ನೋಟಿಸ್ ಕೊಡಿ. ನೋಟಿಸ್ ಕೊಟ್ಟು ಅದು ನಡೆಯುತ್ತಿರುವಾಗ ಮಧ್ಯದಲ್ಲಿ ಮಾತ್ರ ಹೆಸರು ಸೇರಿಸಬೇಡಿ. ಆ ಹಕ್ಕನ್ನೂ ಜೊತೆಗೇ ಬರೆದುಕೊಡದಿದ್ದರೆ ನೋಟಿಸ್ ಬಿದ್ದುಹೋಗುತ್ತದೆ. ಈಗ ಮೊದಲ ಕೆಲಸ: ಮ್ಯಾನೇಜಿಂಗ್ ಏಜೆಂಟರಿಗೆ ಇಮೇಲ್ ಬರೆದು, ಸರ್ಟಿಫಿಕೇಟಿಗೆ ಏನೇನು ಬೇಕು, ಎಷ್ಟು ಫೀಸು ಅಂತ ಕೇಳಿ. ಸರ್ವಿಸ್ ಚಾರ್ಜ್ ಎಲ್ಲ ಕಟ್ಟಿದ್ದೀರಿ ಅಲ್ವಾ?