ತೋಟದ ಮನೆಗೆ ಕಳ್ಳರ ಕಣ್ಣು ಕೋರೈಸುವ ದೀಪ: ಎಂಥದ್ದು, ಎಲ್ಲಿ ಹಾಕಬೇಕು?

ಕಾಫಿಕಣ_ಸಿದ್ದಾಪುರ
ಸಿದ್ದಾಪುರದ ಕಡೆ ತೋಟದ ನಡುವೆ ಒಂಟಿ ಮನೆ. ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ. ಅಂಗಳದ ಪಕ್ಕ ಕಣ, ಅದರಾಚೆ ಗೋಡೌನ್. ಕೊಯ್ಲು ಶುರುವಾದ ಮೇಲೆ ಒಣಗಿದ ಕಾಫಿ, ಮೆಣಸು ಎಲ್ಲ ಅಲ್ಲೇ. ರಾತ್ರಿ ಯಾರಾದರೂ ಬಂದರೆ ಕಣ್ಣು ಕತ್ತಲೆಗಟ್ಟುವಂಥ ಬೆಳಕು ಹೊಡೆಯಬೇಕು, ಆ ಹೊತ್ತಿನಲ್ಲಿ ಇವರು ಬಾಗಿಲು ಭದ್ರ ಮಾಡಿ ಫೋನ್ ಮಾಡಬೇಕು, ಅಷ್ಟೇ. 1000 ಲ್ಯೂಮೆನ್‌ನ, ಪಟಪಟ ಮಿನುಗುವ ಸ್ಟ್ರೋಬ್ ಇರುವ ಟಾರ್ಚು ಸಾಕಾ? ಅಂಗಳಕ್ಕೆ ಸೆನ್ಸರ್ ದೀಪ ಹಾಕಿಸುವುದಾದರೆ ಎಲ್ಲಿ, ಎಷ್ಟು ವಾಟ್? ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಇರುವುದಿಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹೇಳಿ.

ಟಾರ್ಚ್‌ರಿಪೇರಿ_ಮಡಿಕೇರಿ
ಲ್ಯೂಮೆನ್ ಜೊತೆಗೆ ಕ್ಯಾಂಡೆಲಾ ಎಷ್ಟಿದೆ ನೋಡಿ. ಟಾರ್ಚಿನಿಂದ ಹೊರಬೀಳುವ ಒಟ್ಟು ಬೆಳಕು ಲ್ಯೂಮೆನ್. ಒಂದು ದಿಕ್ಕಿಗೆ ಅದು ಎಷ್ಟು ಗಟ್ಟಿಯಾಗಿ ಹೋಗುತ್ತದೆ ಅನ್ನುವುದು ಕ್ಯಾಂಡೆಲಾ. ಕ್ಯಾಂಡೆಲಾವನ್ನು ದೂರದ ವರ್ಗದಿಂದ ಭಾಗಿಸಿದರೆ ಎದುರಿಗಿದ್ದವನ ಮುಖದ ಮೇಲೆ ಬೀಳುವ ಲಕ್ಸ್ ಸಿಗುತ್ತದೆ. 20,000 ಕ್ಯಾಂಡೆಲಾದ ಟಾರ್ಚು 10 ಮೀಟರಿಗೆ 200 ಲಕ್ಸ್, 20 ಮೀಟರಿಗೆ 50. ಹುಣ್ಣಿಮೆ ಬೆಳದಿಂಗಳು ಹೆಚ್ಚೆಂದರೆ ಕಾಲು ಲಕ್ಸ್ ಚಿಲ್ಲರೆ, ಹಾಗಾಗಿ ಕತ್ತಲಲ್ಲಿ ನಡೆದು ಬಂದವನಿಗೆ 50 ಕೂಡ ಜೋರು ಪೆಟ್ಟೇ.

ಕತ್ತಲೆಗೆ ಕಣ್ಣು ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಬೆಳಕು ಬಿದ್ದರೆ ಅದೆಲ್ಲ ಕ್ಷಣದಲ್ಲಿ ಹೋಗುತ್ತದೆ, ದೀಪ ಆರಿಸಿದರೂ ಕಣ್ಣೆದುರು ಮಚ್ಚೆ ತೇಲುತ್ತಿರುತ್ತದೆ. ರಾತ್ರಿಯಿಡೀ ಜಗಲಿಯಲ್ಲಿ ಬಲ್ಬ್ ಉರಿಸುವ ಮನೆಗಳಲ್ಲಿ ಟಾರ್ಚಿನ ಪರಿಣಾಮ ಕಡಿಮೆಯಾಗುವುದು ಇದಕ್ಕೇ: ಬಂದವನ ಕಣ್ಣು ಆಗಲೇ ಬೆಳಕಿಗೆ ಒಗ್ಗಿರುತ್ತದೆ. ಹೇಗಿದ್ದರೂ ಸಿಗುವುದು ಕೆಲವೇ ಸೆಕೆಂಡು. ಮುಖ ತಿರುಗಿಸಿದವನಿಗೆ, ಕೈ ಅಡ್ಡ ಹಿಡಿದವನಿಗೆ ಅದೂ ಇಲ್ಲ.

ಸ್ಟ್ರೋಬ್ ನನಗೆ ಒಪ್ಪಿಗೆಯಿಲ್ಲ. ಸೆಕೆಂಡಿಗೆ ಹತ್ತು ಹದಿನೈದು ಸಲ ಮಿನುಗುವಾಗ ಎದುರಿನವನಿಗೆ ದೂರದ ಅಂದಾಜು ತಪ್ಪುತ್ತದೆ, ನಿಜ. ಆದರೆ ಅವನ ಕೈಯಲ್ಲಿ ಏನಿದೆ ಅಂತ ನಿಮಗೂ ಕಾಣುವುದಿಲ್ಲ. ಸುಣ್ಣದ ಗೋಡೆಯ ಒಳಗೆ ಹಾಕಿದರೆ ಅಷ್ಟೂ ನಿಮ್ಮ ಕಣ್ಣಿಗೇ ವಾಪಸ್. ಮೂರ್ಛೆ ರೋಗ ಇರುವವರು ಮನೆಯಲ್ಲಿದ್ದರಂತೂ ಬೇಡವೇ ಬೇಡ. ಮನೆಯೊಳಗೆ ಬೆಳಕನ್ನು ಚಾವಣಿಗೆ ಬಿಡಿ, ಕೋಣೆಯಿಡೀ ಕಾಣುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕು ಮಂಜು. ಜುಲೈ ರಾತ್ರಿ ಎಷ್ಟು ಜೋರು ಟಾರ್ಚು ಬಿಟ್ಟರೆ ಅಷ್ಟು ದಪ್ಪ ಬಿಳಿ ಪರದೆ ಕಣ್ಣೆದುರು ಏಳುತ್ತದೆ. ಟಾರ್ಚನ್ನು ಕಣ್ಣಿನ ಮಟ್ಟದಿಂದ ಕೆಳಗೆ, ಸೊಂಟದ ಪಕ್ಕಕ್ಕೆ ಕೈ ಚಾಚಿ ಹಿಡಿದರೆ ಸ್ವಲ್ಪ ವಾಸಿ. ಬೆಳಕು ಎಲ್ಲಿದೆಯೋ ಅಲ್ಲಿಗೇ ಕಲ್ಲು ಬರುವುದರಿಂದ ಮೈಯಿಂದ ದೂರ ಹಿಡಿಯುವುದು ಯಾವಾಗಲೂ ಒಳ್ಳೆಯದು.

ಹಿರಿಯರಿಗೆ ಮೋಡ್ ಜಾಸ್ತಿ ಇರುವ ಟಾರ್ಚು ಕೊಡಬೇಡಿ. ಬಾಲದಲ್ಲಿ ಒಂದೇ ಸ್ವಿಚ್, ಒತ್ತಿದರೆ ಪೂರ್ತಿ ಬೆಳಕು, ಅಂಥದ್ದು ಸಾಕು. ಟಾರ್ಚಿಗೆ ಹಾಕುವ ಚಾರ್ಜ್ ಆಗುವ 18650 ಲಿಥಿಯಂ ಸೆಲ್ ಹೆಸರಿರುವ ಕಂಪನಿಯದ್ದೇ ಆಗಲಿ. ಸಾಮರ್ಥ್ಯ 9900 ಎಂಎಎಚ್ ಅಂತ ಬರೆದದ್ದು ಸುಳ್ಳು, ಆ ಅಳತೆಯ ಸೆಲ್‌ನಲ್ಲಿ 3500ರ ಆಸುಪಾಸೇ ಬಹಳ. ಮಳೆಗಾಲಕ್ಕೆ ಮುಂಚೆ ರಬ್ಬರ್ ರಿಂಗಿಗೆ ಸಿಲಿಕೋನ್ ಗ್ರೀಸ್ ಸವರಿ, ಇಲ್ಲದಿದ್ದರೆ ತೇವ ಒಳಗೆ ಹೋಗಿ ಸ್ಪ್ರಿಂಗು ಕಿಲುಬು ಹಿಡಿಯುತ್ತದೆ.

ವೈರಿಂಗ್_ಗೋಣಿಕೊಪ್ಪ
ಟಾರ್ಚು ಕೊನೆಯ ಆಸರೆ. ಹೆಚ್ಚಿನ ಕೆಲಸ ಗೋಡೆಯ ದೀಪವೇ ಮಾಡಬೇಕು.

ಎಲ್ಲರೂ ಬಾಗಿಲ ಮೇಲೆ ಫ್ಲಡ್‌ಲೈಟ್ ಹಾಕಿ ನೆಲಕ್ಕೆ ಬಗ್ಗಿಸುತ್ತಾರೆ. ಆಗ ಹೊರಗೆ ಬಂದ ಮನೆಯವರು ಬೆಳಕಿನಲ್ಲಿ, ಕಳ್ಳ ಕಾಫಿ ಗಿಡದ ಕತ್ತಲಲ್ಲಿ. ದೀಪವನ್ನು ಮನೆಯ ಎರಡು ಮೂಲೆಗೆ ಸುಮಾರು 3 ಮೀಟರ್ ಎತ್ತರದಲ್ಲಿ ಕೂರಿಸಿ, ದಾರಿ ಕಡೆಗೆ ಮುಖ ಮಾಡಿಸಿ. ಮನೆಯೊಳಗೆ ದೀಪ ಆರಿರಲಿ. ಬಂದವನಿಗೆ ಬೆಳಕಿನ ಹಿಂದೆ ಏನೂ ಕಾಣುವುದಿಲ್ಲ, ಕಿಟಕಿಯಿಂದ ನಿಮಗೆ ಅವನು ಪೂರ್ತಿ ಕಾಣುತ್ತಾನೆ. ನಿಮ್ಮ ಅಂಗಳಕ್ಕೆ 50 ವಾಟಿನ ಎರಡು, ಕಣಕ್ಕೆ ಎರಡು ಸಾಕು. ದೂಳು, ಮಳೆನೀರು ಒಳಗೆ ಹೋಗದ ಐಪಿ65 ದರ್ಜೆಯದ್ದೇ ಇರಲಿ, ಒಳಗೆ ಬೇರೆ ಡ್ರೈವರ್ (ಎಲ್‌ಇಡಿಗೆ ತಕ್ಕ ಕರೆಂಟು ಕೊಡುವ ಸರ್ಕ್ಯೂಟ್) ಇರುವುದನ್ನೇ ಕೇಳಿ ತನ್ನಿ. ಡ್ರೈವರಿಲ್ಲದ ಅಗ್ಗದ ದೀಪಗಳು ಏಪ್ರಿಲ್-ಮೇ ಗುಡುಗಿಗೆ ಮೊದಲು ಸುಡುತ್ತವೆ. ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್, ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ, ಸರಿಯಾದ ಅರ್ತಿಂಗ್ ಮೂರೂ ಬೇಕು.

ಮೈ ಬಿಸಿಯ ಚಲನೆ ಹಿಡಿಯುವ ಪಿಐಆರ್ ಸೆನ್ಸರ್ 2ರಿಂದ 2.5 ಮೀಟರ್ ಎತ್ತರಕ್ಕೆ, ಬರುವವನು ಅದರ ಎದುರು ಅಡ್ಡ ಹಾಯುವಂತೆ. ನೇರ ಅದರತ್ತಲೇ ನಡೆದು ಬಂದರೆ ತಡವಾಗಿ ಹಿಡಿಯುತ್ತದೆ. ಬಿಸಿಲಿಗೆ ಕಾದ ಕೊಂಬೆ ಗಾಳಿಗೆ ಅಲ್ಲಾಡಿದರೂ, ಗಾಜಿನ ಮೇಲೆ ಜೇಡ ಹರಿದರೂ ಸುಮ್ಮನೆ ಹೊತ್ತಿಕೊಳ್ಳುತ್ತದೆ. ಹತ್ತಿರದ ಸಿಲ್ವರ್ ಓಕ್ ಕೊಂಬೆ ಸವರಿಸಿ, ಸೆನ್ಸರನ್ನು ಆಗಾಗ ಒರೆಸಿ.

ನಾಲ್ಕೂ ದೀಪವನ್ನು ಒಂದೇ ಸೆನ್ಸರಿಗೆ ನೇರ ಕೊಡಬೇಡಿ. 200 ವಾಟ್ ಅಷ್ಟೇ ಅಲ್ಲವಾ ಅನಿಸುತ್ತದೆ, ಆದರೆ ಎಲ್‌ಇಡಿ ಡ್ರೈವರ್ ಹೊತ್ತುವ ಕ್ಷಣದಲ್ಲಿ ಅದರ ಎಷ್ಟೋ ಪಟ್ಟು ಕರೆಂಟು ಎಳೆಯುತ್ತದೆ. ಸೆನ್ಸರಿನೊಳಗಿನ ಸಣ್ಣ ಸ್ವಿಚ್, ಅಂದರೆ ರಿಲೇ, ಬೆಸೆದುಕೊಂಡು ದೀಪ ಆರುವುದೇ ಇಲ್ಲ. ಸೆನ್ಸರ್ ಬರೀ ಕಾಂಟ್ಯಾಕ್ಟರ್ (ಜೋರು ಕರೆಂಟು ತಾಳುವ ದೊಡ್ಡ ರಿಲೇ) ಎಳೆಯಲಿ, ದೀಪಗಳು ಕಾಂಟ್ಯಾಕ್ಟರ್ ಮೂಲಕ ಬರಲಿ. ಸೆನ್ಸರಿನ ಔಟ್‌ಪುಟ್‌ಗೆ ಸಮಾನಾಂತರವಾಗಿ ಮಲಗುವ ಕೋಣೆಯಿಂದ ಒಂದು ಸ್ವಿಚ್ ಎಳೆಸಿ, ಹಾಸಿಗೆಯಲ್ಲಿದ್ದೇ ಎಲ್ಲ ಹೊತ್ತಿಸಬಹುದು.

ಇನ್ವರ್ಟರಿನ 12 ವೋಲ್ಟ್ 150 ಎಎಚ್ ಬ್ಯಾಟರಿಯಲ್ಲಿ ಅರ್ಧ ಬಳಸಿದರೆ 900 ವಾಟ್-ಅವರ್. ನಾಲ್ಕೂ ದೀಪ ಎಡೆಬಿಡದೆ ನಾಲ್ಕು ಗಂಟೆ. ಸೆನ್ಸರ್ ಮೇಲೆ ಎರಡೆರಡು ನಿಮಿಷ ಉರಿದರೆ ಮೂರು ನಾಲ್ಕು ರಾತ್ರಿ ಬರುತ್ತದೆ, ಮನೆಯ ಉಳಿದ ಲೋಡ್ ಬೇರೆ ಇಟ್ಟರೆ ಮಾತ್ರ. ಕರೆಂಟು ಕಡಿದು ಬಂದಾಗ ಸೆನ್ಸರ್ ಸಿದ್ಧವಾಗಲು ಅರ್ಧದಿಂದ ಒಂದು ನಿಮಿಷ ತೆಗೆದುಕೊಳ್ಳುತ್ತದೆ, ಅದನ್ನೂ ಇನ್ವರ್ಟರ್ ಲೈನಿಗೇ ಕೊಡಿ.

ಕಾಫಿಕಣ_ಸಿದ್ದಾಪುರ
ಕಾಂಟ್ಯಾಕ್ಟರ್ ವಿಷಯ ಯಾರೂ ಹೇಳಿರಲಿಲ್ಲ, ಥ್ಯಾಂಕ್ಸ್ ಅಣ್ಣ. ಆನೆ ಬಂದಾಗ ಈ ದೀಪ ಹೊತ್ತಿಕೊಂಡರೆ? ಹಸಿರು ಲೇಸರ್ ಇನ್ನೂ ದೂರ ಹೋಗುತ್ತದಲ್ಲ, ಅದು ಆಗುತ್ತದಾ?

ಬೇಲಿಯಂಚು_ವಿರಾಜಪೇಟೆ
ಲೇಸರ್ ಬೇಡ. ಜೋರು ಲೇಸರ್ ಅಕ್ಷಿಪಟಲವನ್ನೇ ಸುಡುತ್ತದೆ, ಆ ಕಣ್ಣು ಮತ್ತೆ ಬರುವುದಿಲ್ಲ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳಲ್ಲಿದೆ, ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂದು 37 ಹೇಳುತ್ತದೆ. ದಾರಿ ತಪ್ಪಿದ ಹೋಂಸ್ಟೇಯವರೋ ಲೈನ್ ಮನೆಯ ತೋಟದ ಕೆಲಸದವರೋ ಆಗಿದ್ದರೆ? ಟಾರ್ಚಿನಿಂದ ಕಣ್ಣು ಕೋರೈಸಿದ್ದು ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಬೆಳಕು ಮೊದಲು ಬೇಕಾಗಿರುವುದೇ ಬಂದವರು ಯಾರೆಂದು ಗುರುತು ಹಿಡಿಯಲಿಕ್ಕೆ.

ಆನೆಗೆ ಹತ್ತಿರದಿಂದ ಮುಖಕ್ಕೆ ಟಾರ್ಚು ಹೊಡೆಯಬೇಡಿ. ಬೆದರಿದರೆ ಓಡಲೂಬಹುದು, ಮೇಲೆ ಬರಲೂಬಹುದು. ಗೋಡೆ ದೀಪ ಹೊತ್ತಿದಾಗ ಆನೆ ಕಂಡರೆ ಯಾರೂ ಅಂಗಳಕ್ಕೆ ಇಳಿಯದೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಲಿ, ಮನುಷ್ಯರಾದರೆ 112. ಗೋಡೌನ್ ಬಾಗಿಲು ತೆರೆದ ಸದ್ದು ಬಂದರೂ ಅಪ್ಪ ಹೊರಗೆ ಹೋಗದಂತೆ ಈಗಲೇ ಹೇಳಿಡಿ.